ಬ್ರಷ್ ಸಾವಿರ ಇವೆ, ಬೇಕಾದ್ದೇ ಸಿಗುತ್ತಿಲ್ಲ: ಇಳಿಸಿಕೊಂಡ ಡಿಜಿಟಲ್ ಬ್ರಷ್‌ಗಳನ್ನು ಜೋಡಿಸಿಟ್ಟುಕೊಳ್ಳುವ ಕ್ರಮ

ತುಮಕೂರಿನಲ್ಲಿ ಲಗ್ನಪತ್ರಿಕೆ, ಫ್ಲೆಕ್ಸ್ ವಿನ್ಯಾಸ ಮಾಡುವವರು, ಕೋಲಾರದಲ್ಲಿ ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವವರು, ಚಿಕ್ಕಬಳ್ಳಾಪುರದ ಮನೆಯಲ್ಲೇ ಕೂತು ಬೆಂಗಳೂರಿನ ಸ್ಟುಡಿಯೋಗಳಿಗೆ ಕೆಲಸ ಮಾಡಿಕೊಡುವವರು, ಎಲ್ಲರೂ ತಿರುಗಿಸಿ ಮುರುಗಿಸಿ ಕೇಳುವ ಪ್ರಶ್ನೆ ಒಂದೇ. ವರ್ಷಗಟ್ಟಲೆ ಇಳಿಸಿಕೊಂಡ ಬ್ರಷ್‌ಗಳು, ಅಂದರೆ ಚಿತ್ರ ಬಿಡಿಸುವ ಆ್ಯಪ್‌ಗಳಲ್ಲಿ ಗೆರೆ, ಬಣ್ಣ ಹಾಕುವ ಸಿದ್ಧ ಕುಂಚಗಳು, ಸಾವಿರ ದಾಟಿವೆ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಒಂದಿಷ್ಟು, ಪೆನ್‌ಡ್ರೈವಿನಲ್ಲಿ ಒಂದಿಷ್ಟು, ಟೆಲಿಗ್ರಾಂನಲ್ಲಿ ಇನ್ನೊಂದಿಷ್ಟು. ಕೆಲಸಕ್ಕೆ ಕೂತಾಗ ಬೇಕಾದ ಬ್ರಷ್ ಸಿಗುವುದಿಲ್ಲ, ಆ್ಯಪ್ ತೆರೆಯುವುದಕ್ಕೇ ನಿಮಿಷ ಹಿಡಿಯುತ್ತದೆ. ಎಲ್ಲಿಂದ ಶುರು ಮಾಡಬೇಕು?

ಹಗೇವಿನ, ಅಂದರೆ ನೆಲದೊಳಗಿನ ಕಣಜದ, ರಾಗಿಯನ್ನೆಲ್ಲ ಒಂದೇ ಸಲ ತಂದು ಅಡುಗೆಮನೆಯಲ್ಲಿ ಯಾರೂ ಸುರಿದುಕೊಳ್ಳುವುದಿಲ್ಲ. ಬ್ರಷ್‌ಗಳಿಗೂ ಎರಡು ಜಾಗ ಬೇಕು. ಇಳಿಸಿಕೊಂಡದ್ದೆಲ್ಲ ಇದ್ದದ್ದು ಇದ್ದ ಹಾಗೆ ಡಿಸ್ಕಿನ ಒಂದು ಫೋಲ್ಡರಿನಲ್ಲಿ ಇರಲಿ. ಇದನ್ನು ಮುಂದೆ ‘ಹಗೇವು’ ಎಂದೇ ಕರೆಯುತ್ತೇವೆ. ಆ್ಯಪ್‌ನ ಒಳಗೆ ಕೈಗೆ ದಿನಾ ಬೇಕಾದವು ಮಾತ್ರ ಇರಲಿ, ಅದು ‘ಕೈಗಂಟು’. ಜೋಡಿಸುವ ಪ್ರಯತ್ನಗಳು ಕೆಡುವುದು ಹೆಚ್ಚಾಗಿ ಇವೆರಡನ್ನೂ ಒಂದೇ ಮಾಡಲು ಹೋದಾಗ. ಸಾವಿರ ಬ್ರಷ್‌ಗಳನ್ನೂ ಆ್ಯಪ್‌ಗೆ ಹಾಕಿಕೊಂಡು, ಅಲ್ಲೇ ಗುಂಪು ಮಾಡಲು ಕೂತು, ಇನ್ನೂರನೆಯದಕ್ಕೆ ಬರುವಷ್ಟರಲ್ಲಿ ಕೈಬಿಡುತ್ತಾರೆ.

ಮೊದಲು ಬೇಕಾದವು

ನಿಮ್ಮ ಬ್ರಷ್ ಸಂಗ್ರಹದ ಎರಡರಷ್ಟು ಖಾಲಿ ಜಾಗವಿರುವ ಡಿಸ್ಕ್. ಸಂಗ್ರಹ 20 ಜಿಬಿ ಇದ್ದರೆ 40 ಜಿಬಿ, ಯಾಕೆಂದರೆ ಜಿಪ್ (ಹಲವು ಫೈಲುಗಳನ್ನು ಒಂದಾಗಿ ಕಟ್ಟಿದ ಫೈಲು) ಬಿಚ್ಚಿದಾಗ ಮೂಲವೂ ಬಿಚ್ಚಿದ್ದೂ ಕೆಲ ಕಾಲ ಜೊತೆಗೇ ಇರಬೇಕು. ಬ್ಯಾಕಪ್‌ಗೆ ಬೇರೆ ಹಾರ್ಡ್‌ಡಿಸ್ಕ್ ಅಥವಾ ದೊಡ್ಡ ಪೆನ್‌ಡ್ರೈವ್. ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೆಯ ಕ್ರಮದಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಒಂದೇ ಫೈಲನ್ನು ಅದು ತೆಗೆದುಕೊಳ್ಳುವುದಿಲ್ಲ, ಎಕ್ಸ್‌ಫ್ಯಾಟ್‌ಗೆ ಬದಲಾಯಿಸಿಕೊಳ್ಳಿ. ಹಾಗೆ ಬದಲಾಯಿಸಿದರೆ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎನ್ನುವುದು ನೆನಪಿರಲಿ.

ತಂತ್ರಾಂಶ ಎರಡು ಸಾಕು, ಎರಡೂ ಉಚಿತ: ಜಿಪ್ ಬಿಚ್ಚಲು ಸೆವೆನ್-ಜಿಪ್, ನಕಲು ಹುಡುಕಲು ಡ್ಯೂಪ್‌ಗುರು. ಜೊತೆಗೆ ಲೆಕ್ಕ ಬರೆಯಲು ಯಾವುದಾದರೂ ಸ್ಪ್ರೆಡ್‌ಶೀಟ್.

ಒಂದೇ ಭಾನುವಾರದಲ್ಲಿ ಮುಗಿಸುವ ಆಸೆ ಬೇಡ. ಒಂದು ಬ್ರಷ್ ಪರೀಕ್ಷೆಗೆ ಅರ್ಧ ನಿಮಿಷ ಹಿಡಿದರೂ ಸಾವಿರ ಬ್ರಷ್‌ಗೆ ಎಂಟು ಗಂಟೆಯ ಮೇಲಾಗುತ್ತದೆ. ದಿನಕ್ಕೊಂದು ಗಂಟೆ ಸರಿಯಾದ ಅಳತೆ. ಅದಕ್ಕಿಂತ ಹೆಚ್ಚು ಕೂತರೆ ಎಲ್ಲ ಬ್ರಷ್‌ಗಳೂ ಒಂದೇ ಥರ ಕಾಣತೊಡಗುತ್ತವೆ.

1. ಮುಟ್ಟುವ ಮೊದಲು ನಕಲು ತೆಗೆಯಿರಿ

ಈಗ ಹೇಗಿದೆಯೋ ಹಾಗೆಯೇ, ಗಲೀಜಾಗಿಯೇ, ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿ. ಆ್ಯಪ್‌ನ ಒಳಗೆ ಈಗಾಗಲೇ ಇರುವ ಬ್ರಷ್‌ಗಳನ್ನೂ ಹೊರತೆಗೆದಿಡಿ. ನೀವೇ ಗಾತ್ರ, ಪೆನ್ನಿನ ಒತ್ತಡಕ್ಕೆ ಬದಲಾಗುವ ರೀತಿ ತಿದ್ದಿಕೊಂಡ ಬ್ರಷ್‌ಗಳು ಅಲ್ಲಿ ಮಾತ್ರ ಇರುತ್ತವೆ, ಮತ್ತೆ ಇಳಿಸಿಕೊಂಡರೆ ಸಿಗುವುದಿಲ್ಲ. ಫೋಟೋಶಾಪ್‌ನಲ್ಲಿ ಬ್ರಷಸ್ ಪ್ಯಾನೆಲ್ ತೆರೆದು ಎಲ್ಲವನ್ನೂ ಆಯ್ದು ‘ಎಕ್ಸ್‌ಪೋರ್ಟ್ ಸೆಲೆಕ್ಟೆಡ್ ಬ್ರಷಸ್’ ಒತ್ತಿ. ಐಪ್ಯಾಡ್‌ನ ಚಿತ್ರ ಬಿಡಿಸುವ ಆ್ಯಪ್ ಪ್ರೊಕ್ರಿಯೇಟ್‌ನಲ್ಲಿ ಪ್ರತಿ ಸೆಟ್‌ನ ಹೆಸರು ಮುಟ್ಟಿ ‘ಶೇರ್’ ಕೊಟ್ಟು ಫೈಲ್ಸ್‌ಗೆ ಉಳಿಸಿ. ಚಿತ್ರ ಬಿಡಿಸುವ ಉಚಿತ ತಂತ್ರಾಂಶ ಕ್ರಿತಾದಲ್ಲಿ ಆ್ಯಪ್ ಮುಚ್ಚಿ ರಿಸೋರ್ಸ್ ಫೋಲ್ಡರ್ ಪೂರ್ತಿ ನಕಲು ಮಾಡಿ. ವಿಂಡೋಸ್‌ನಲ್ಲಿ ಅದು ಸಾಮಾನ್ಯವಾಗಿ ಆ್ಯಪ್‌ಡೇಟಾದ ರೋಮಿಂಗ್ ಫೋಲ್ಡರಿನೊಳಗೆ ಕ್ರಿತಾ ಹೆಸರಿನಲ್ಲಿರುತ್ತದೆ.

ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು. ಡೆಸ್ಕ್‌ಟಾಪ್‌ನಲ್ಲಿ ನಕಲು ಮಾಡುತ್ತಿರುವಾಗ ಕರೆಂಟು ಹೋದರೆ ಅರ್ಧ ಬರೆದ ಫೈಲು ಪೂರ್ತಿಯ ಹೆಸರನ್ನೇ ಹೊತ್ತು ಕೂತಿರಬಹುದು, ನೋಡಿದರೆ ಗೊತ್ತಾಗುವುದಿಲ್ಲ. ಆದ್ದರಿಂದ ಯುಪಿಎಸ್ ಇಲ್ಲದ ಯಂತ್ರದಲ್ಲಿ ‘ಕಟ್’ ಮಾಡಿ ‘ಪೇಸ್ಟ್’ ಮಾಡಬೇಡಿ. ‘ಕಾಪಿ’ ಮಾಡಿ, ಎರಡೂ ಫೋಲ್ಡರುಗಳ ಫೈಲ್ ಸಂಖ್ಯೆ ಮತ್ತು ಒಟ್ಟು ಬೈಟ್‌ಗಳು ಒಂದೇ ಇವೆಯೇ ಎಂದು ಪ್ರಾಪರ್ಟೀಸ್‌ನಲ್ಲಿ ನೋಡಿ, ಆಮೇಲೆ ಹಳೆಯದನ್ನು ಅಳಿಸಿ.

2. ಚದುರಿದ್ದನ್ನು ಒಂದೆಡೆ ತನ್ನಿ

ವಿಂಡೋಸ್‌ನಲ್ಲಿ ಮೊದಲು ಫೈಲ್ ಎಕ್ಸ್‌ಟೆನ್ಷನ್ ಕಾಣುವಂತೆ ಮಾಡಿಕೊಳ್ಳಿ: ವ್ಯೂ → ಶೋ → ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್. ಎಕ್ಸ್‌ಟೆನ್ಷನ್ ಎಂದರೆ ಫೈಲಿನ ಹೆಸರಿನಲ್ಲಿ ಕೊನೆಯ ಚುಕ್ಕಿಯ ನಂತರ ಬರುವ ಅಕ್ಷರಗಳು. ಬ್ರಷ್ ಯಾವ ಆ್ಯಪ್‌ನದು ಎಂದು ಹೇಳುವುದು ಅದೇ.

ಎಬಿಆರ್ ಎಂದಿದ್ದರೆ ಫೋಟೋಶಾಪ್ ಬ್ರಷ್. ಒಂದು ಫೈಲಿನಲ್ಲಿ ಒಂದೂ ಇರಬಹುದು, ಮುನ್ನೂರೂ ಇರಬಹುದು. ಟಿಪಿಎಲ್ ಫೋಟೋಶಾಪ್‌ನ ಟೂಲ್ ಪ್ರಿಸೆಟ್, ಅಂದರೆ ಸೆಟ್ಟಿಂಗ್ಸ್ ಸಮೇತ ಉಳಿಸಿಟ್ಟ ಸಾಧನ. ಕೆಪಿಪಿ ಕ್ರಿತಾದ ಒಂದು ಬ್ರಷ್, ಬಂಡಲ್ ಎಂದರೆ ಕ್ರಿತಾದ ಪೂರ್ತಿ ಗಂಟು (ಒಟ್ಟಿಗೆ ಕಟ್ಟಿದ ಬ್ರಷ್ ಪ್ಯಾಕ್). ಬ್ರಷ್ ಮತ್ತು ಬ್ರಷ್‌ಸೆಟ್ ಪ್ರೊಕ್ರಿಯೇಟ್‌ನವು. ಎಸ್‌ಯುಟಿ ಕ್ಲಿಪ್ ಸ್ಟುಡಿಯೋದ್ದು. ಜಿಬಿಆರ್, ಜಿಐಎಚ್ ಎರಡೂ ಗಿಂಪ್‌ನವು. ಎರಡನೆಯದರಲ್ಲಿ ಹಲವು ಚಿತ್ರಗಳು ಒಂದರ ಹಿಂದೊಂದು ಬರುತ್ತವೆ, ಹುಲ್ಲು, ಎಲೆ ಎರಚುವ ಬ್ರಷ್‌ಗಳು ಸಾಮಾನ್ಯವಾಗಿ ಈ ಬಗೆಯವು.

ಹುಡುಕು ಪೆಟ್ಟಿಗೆಯಲ್ಲಿ ನಕ್ಷತ್ರ ಚಿಹ್ನೆ, ಚುಕ್ಕಿ, ನಂತರ ಎಕ್ಸ್‌ಟೆನ್ಷನ್ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದರೆ ಆ ಬಗೆಯ ಎಲ್ಲ ಫೈಲುಗಳೂ ಬರುತ್ತವೆ. ಜಿಪ್, ರಾರ್‌ಗಳನ್ನೂ ಹೀಗೆಯೇ ಹುಡುಕಿ. ಆದರೆ ಬ್ರಷ್ ಫೈಲನ್ನು ಅದರ ಫೋಲ್ಡರಿನಿಂದ ಕಿತ್ತು ತರಬೇಡಿ. ಅದರ ಪಕ್ಕದಲ್ಲೇ ಪರವಾನಗಿಯ ಪಠ್ಯ ಫೈಲು, ಮಾದರಿ ಚಿತ್ರ ಇರುತ್ತವೆ. ಫೋಲ್ಡರ್ ಸಮೇತ ತನ್ನಿ.

ಹಗೇವನ್ನು ಡಿಸ್ಕಿನ ಬುಡದಲ್ಲೇ ಮಾಡಿ, ಉದಾಹರಣೆಗೆ ಡಿ ಡ್ರೈವ್ ತೆರೆದೊಡನೆ ಕಾಣುವಂತೆ, ಚಿಕ್ಕ ಹೆಸರಿನಲ್ಲಿ. ಡೆಸ್ಕ್‌ಟಾಪ್‌ನ ಒಳಗೆ, ಫೋಲ್ಡರಿನೊಳಗಿನ ಫೋಲ್ಡರಿನಲ್ಲಿ ಇಟ್ಟರೆ ದಾರಿ ಉದ್ದವಾಗುತ್ತದೆ. ವಿಂಡೋಸ್‌ನ ಹಲವು ತಂತ್ರಾಂಶಗಳಿಗೆ 260 ಅಕ್ಷರಗಳ ಮಿತಿಯಿದೆ. ಬ್ರಷ್ ಮಾರುವವರು ಜಿಪ್‌ನೊಳಗೆ ಜಿಪ್ ಇಟ್ಟು ಮಾರುದ್ದದ ಹೆಸರು ಕೊಡುವುದರಿಂದ ಈ ಮಿತಿ ಬಲು ಬೇಗ ಮುಟ್ಟುತ್ತದೆ, ಜಿಪ್ ಅರ್ಧಕ್ಕೇ ಬಿಚ್ಚಿ ನಿಲ್ಲುತ್ತದೆ.

3. ಜಿಪ್ ಬಿಚ್ಚುವಾಗಿನ ಎಚ್ಚರಿಕೆಗಳು

ಎಲ್ಲ ಜಿಪ್‌ಗಳನ್ನೂ ಆಯ್ದು ಬಲ ಕ್ಲಿಕ್ ಮಾಡಿ ಸೆವೆನ್-ಜಿಪ್‌ನ ‘ಎಕ್ಸ್‌ಟ್ರಾಕ್ಟ್ ಟು’ ಸಾಲನ್ನು ಆರಿಸಿ, ನಕ್ಷತ್ರ ಚಿಹ್ನೆ ಇರುವುದನ್ನು. ಆಗ ಪ್ರತಿ ಜಿಪ್‌ಗೂ ಅದರದೇ ಹೆಸರಿನ ಫೋಲ್ಡರ್ ಆಗುತ್ತದೆ. ಅದರ ಪಕ್ಕದ ‘ಎಕ್ಸ್‌ಟ್ರಾಕ್ಟ್ ಹಿಯರ್’ ಒತ್ತಿದರೆ ಐವತ್ತು ಜಿಪ್‌ಗಳ ಫೈಲುಗಳು ಒಂದೇ ರಾಶಿಯಾಗುತ್ತವೆ, ಯಾವುದು ಯಾರದೆಂದು ಆಮೇಲೆ ಬಿಡಿಸುವುದು ಆಗದ ಮಾತು.

ಪ್ರೊಕ್ರಿಯೇಟ್‌ನ ಬ್ರಷ್‌ಸೆಟ್, ಕ್ರಿತಾದ ಬಂಡಲ್ ಎರಡೂ ಒಳಗೊಳಗೆ ಜಿಪ್‌ಗಳೇ. ಸೆವೆನ್-ಜಿಪ್ ಅವನ್ನೂ ಸಲೀಸಾಗಿ ಬಿಚ್ಚುತ್ತದೆ. ಬಿಚ್ಚಬೇಡಿ, ಆ್ಯಪ್‌ಗೆ ಬೇಕಾದ್ದು ಗಂಟು ಕಟ್ಟಿದ ರೂಪವೇ. ಕೆಲವು ಬ್ರೌಸರುಗಳು ಬ್ರಷ್‌ಸೆಟ್ ಫೈಲನ್ನು ಇಳಿಸುವಾಗ ಹೆಸರಿನ ಕೊನೆಗೆ ಜಿಪ್ ಎಂದು ತಾವೇ ಸೇರಿಸುತ್ತವೆ. ಐಪ್ಯಾಡ್‌ನಲ್ಲಿ ಅದನ್ನು ಮುಟ್ಟಿದರೆ ಬಿಚ್ಚಿಕೊಂಡು ಅರ್ಥವಾಗದ ಫೋಲ್ಡರುಗಳು ಬರುತ್ತವೆ. ‘ಈ ಬ್ರಷ್ ಹಾಳಾಗಿದೆ’ ಎಂಬ ದೂರುಗಳಲ್ಲಿ ಎಷ್ಟೋ ಇದೇ ಆಗಿರುತ್ತವೆ. ಹೆಸರಿನ ಕೊನೆಯ ಜಿಪ್ ಅಳಿಸಿ, ಬ್ರಷ್‌ಸೆಟ್ ಎಂದಷ್ಟೇ ಉಳಿಸಿ ತೆರೆಯಿರಿ.

ಮ್ಯಾಕ್‌ನಲ್ಲಿ ಕಟ್ಟಿದ ಜಿಪ್‌ಗಳಲ್ಲಿ ಮ್ಯಾಕ್‌ಒಎಸ್‌ಎಕ್ಸ್ ಎಂಬ ಹೆಚ್ಚುವರಿ ಫೋಲ್ಡರ್ ಇರುತ್ತದೆ. ಅದರೊಳಗೆ ಚುಕ್ಕಿ ಮತ್ತು ಅಡಿಗೆರೆಯಿಂದ ಶುರುವಾಗುವ, ಕೆಲವೇ ಕೆಬಿ ಗಾತ್ರದ, ಬ್ರಷ್‌ನದೇ ಹೆಸರು ಹೊತ್ತ ಫೈಲುಗಳು. ಅವು ಬ್ರಷ್ ಅಲ್ಲ. ಆ ಫೋಲ್ಡರನ್ನು ಪೂರ್ತಿ ಅಳಿಸಿ.

ಬ್ರಷ್ ಗಂಟಿನಲ್ಲಿ ಇಎಕ್ಸ್‌ಇ ಫೈಲು (ತೆರೆದೊಡನೆ ಯಂತ್ರದಲ್ಲಿ ಓಡುವ ಪ್ರೋಗ್ರಾಂ) ಇದ್ದರೆ ತೆರೆಯದೆ ಇಡೀ ಗಂಟನ್ನೇ ಎಸೆಯಿರಿ. ಬ್ರಷ್ ಹಾಕಿಕೊಳ್ಳಲು ಯಾವ ಇನ್‌ಸ್ಟಾಲರೂ ಬೇಡ. ‘ಎರಡು ಸಾವಿರ ಬ್ರಷ್ ಉಚಿತ’ ಎಂದು ಗುಂಪುಗಳಲ್ಲಿ ತಿರುಗುವ ಲಿಂಕುಗಳ ಬಗ್ಗೆ ಈ ಎಚ್ಚರ ಜಾಸ್ತಿ ಇರಲಿ.

4. ನಕಲುಗಳನ್ನು ಕಳೆಯುವುದು

ಹೆಸರು ನೋಡಿ ನಕಲು ಗುರುತಿಸಲು ಹೋಗಬೇಡಿ. ಒಂದೇ ಫೈಲು ಮೂರು ಹೆಸರಲ್ಲಿ ಇರಬಹುದು, ಒಂದೇ ಹೆಸರಿನ ಎರಡು ಫೈಲುಗಳು ಬೇರೆ ಬೇರೆ ಆವೃತ್ತಿಗಳಿರಬಹುದು. ಡ್ಯೂಪ್‌ಗುರುವಿನಲ್ಲಿ ಸ್ಕ್ಯಾನ್ ಬಗೆಯನ್ನು ‘ಕಂಟೆಂಟ್ಸ್’ ಎಂದು ಇಟ್ಟರೆ ಅದು ಫೈಲಿನ ಒಳಗಿರುವುದನ್ನೇ ಹೋಲಿಸುತ್ತದೆ. ಚೊಕ್ಕವಾಗಿರುವ ಫೋಲ್ಡರನ್ನು ‘ರೆಫರೆನ್ಸ್’ ಎಂದು ಗುರುತಿಸಿ. ಅದರಲ್ಲಿರುವುದನ್ನು ಡ್ಯೂಪ್‌ಗುರು ಅಳಿಸುವುದಿಲ್ಲ, ಬೇರೆಡೆ ಇರುವ ನಕಲನ್ನಷ್ಟೇ ತೋರಿಸುತ್ತದೆ.

ಇಲ್ಲಿ ಮುಗ್ಗರಿಸುವ ಜಾಗ ಒಂದಿದೆ. ಒಬ್ಬರೇ ಕಲಾವಿದರ ಹತ್ತು ಗಂಟುಗಳಲ್ಲಿ ಪರವಾನಗಿಯ ಪಠ್ಯ ಫೈಲು ಒಂದೇ ಇರುತ್ತದೆ. ನಕಲು ಹುಡುಕುವ ತಂತ್ರಾಂಶಕ್ಕೆ ಅವು ಒಂಬತ್ತು ನಕಲುಗಳಾಗಿ ಕಾಣುತ್ತವೆ. ಅಳಿಸಿದರೆ ಒಂಬತ್ತು ಗಂಟುಗಳು ಅನಾಥವಾಗುತ್ತವೆ; ನಾಳೆ ಪುಸ್ತಕದ ಮುಖಪುಟಕ್ಕೆ ಬಳಸಬಹುದೇ ಎಂದು ನೋಡಲು ಏನೂ ಉಳಿದಿರುವುದಿಲ್ಲ. ಆದ್ದರಿಂದ ಪಠ್ಯ, ಪಿಡಿಎಫ್ ಫೈಲುಗಳನ್ನು ಪಟ್ಟಿಯಿಂದ ಬಿಟ್ಟು, ಬ್ರಷ್ ಮತ್ತು ಜಿಪ್‌ಗಳನ್ನು ಮಾತ್ರ ಅಳಿಸಿ.

‘ಮೆಗಾ ಪ್ಯಾಕ್’ ಒಂದರೊಳಗಿನ ಬ್ರಷ್ ಬೇರೆ ಚಿಕ್ಕ ಗಂಟಿನಲ್ಲೂ ಇದ್ದರೆ ಡ್ಯೂಪ್‌ಗುರು ಹಿಡಿಯಲಾರದು, ಎಬಿಆರ್ ಫೈಲಿನ ಒಳಗೆ ಇಣುಕಿ ಬ್ರಷ್‌ಗೆ ಬ್ರಷ್ ಹೋಲಿಸುವುದು ಅದರ ಕೆಲಸವಲ್ಲ. ಹಗೇವಿನಲ್ಲಿ ಅಂಥ ನಕಲು ಇದ್ದರೆ ಇರಲಿ ಬಿಡಿ. ಡಿಸ್ಕಿನ ಜಾಗ ಅಗ್ಗ, ನಿಮ್ಮ ಸಮಯ ಅಲ್ಲ.

5. ಹೆಸರು ಮತ್ತು ಲೆಕ್ಕದ ಹಾಳೆ

ಹಗೇವಿನಲ್ಲಿ ಫೋಲ್ಡರುಗಳು ಮಾಡಿದವರ ಹೆಸರಿನಲ್ಲಿ ಇರಲಿ. ಮೊದಲು ಕಲಾವಿದ ಅಥವಾ ಸಂಸ್ಥೆ, ಅದರೊಳಗೆ ಗಂಟಿನ ಹೆಸರು, ಕೊನೆಗೆ ಇಳಿಸಿಕೊಂಡ ವರ್ಷ. ಹಗೇವಿನಲ್ಲಿ ಬೇರೆ ವಿಂಗಡಣೆ ಬೇಡವೇ ಬೇಡ. ‘ಇದು ಇಂಕ್ ಬ್ರಷ್ಷೋ ಟೆಕ್ಸ್ಚರೋ’ ಎಂಬ ಚರ್ಚೆ ಕೈಗಂಟಿಗೆ ಸೇರಿದ್ದು. ಒಂದೇ ಗಂಟಿನಲ್ಲಿ ಹತ್ತು ಬಗೆ ಇರುವಾಗ ಹಗೇವಿನಲ್ಲಿ ಅದು ಮುಗಿಯುವುದೇ ಇಲ್ಲ.

ಫೈಲು, ಫೋಲ್ಡರಿನ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಇಡಿ. ವಿಂಡೋಸ್, ಮ್ಯಾಕ್ ಎರಡೂ ಕನ್ನಡದ ಹೆಸರನ್ನು ಒಪ್ಪುತ್ತವೆ, ನಿಜ. ಆದರೆ ಹಳೆಯ ಜಿಪ್ ತಂತ್ರಾಂಶಗಳ ಮೂಲಕ ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುವಾಗ ಕನ್ನಡ ಅಕ್ಷರಗಳು ಚೌಕಗಳೋ ಪ್ರಶ್ನೆ ಚಿಹ್ನೆಗಳೋ ಆಗಿಬಿಡುತ್ತವೆ. ಕನ್ನಡಕ್ಕೆ ಆ್ಯಪ್‌ನೊಳಗೆ ಬೇಕಾದಷ್ಟು ಜಾಗವಿದೆ, ಮುಂದೆ ಬರುತ್ತದೆ. ಸಂಖ್ಯೆ ಕೊಡುವುದಾದರೆ 01, 02 ಎಂದು ಎರಡಂಕಿಯಲ್ಲಿ ಕೊಡಿ. ಇಲ್ಲದಿದ್ದರೆ ಅಕ್ಷರ ಕ್ರಮದಲ್ಲಿ ಜೋಡಿಸುವ ಆ್ಯಪ್‌ಗಳಲ್ಲಿ 1ರ ಪಕ್ಕ 10 ಬಂದು ಕೂರುತ್ತದೆ.

ಸ್ಪ್ರೆಡ್‌ಶೀಟಿನಲ್ಲಿ ಗಂಟಿಗೊಂದು ಸಾಲು. ಬ್ರಷ್‌ಗೊಂದು ಸಾಲು ಮಾಡಲು ಹೋದರೆ ಕೆಟ್ಟಿರಿ. ಅಂಕಣಗಳು ಇಷ್ಟಿದ್ದರೆ ಸಾಕು: ಗಂಟಿನ ಹೆಸರು, ಮಾಡಿದವರು, ಸಿಕ್ಕ ವಿಳಾಸ, ಇಳಿಸಿದ ದಿನಾಂಕ, ಯಾವ ಆ್ಯಪ್, ಪರವಾನಗಿ, ಪರೀಕ್ಷೆ ಆಯಿತೇ. ಎಲ್ಲಿಂದ ಇಳಿಸಿದ್ದೆಂದು ಮರೆತಿದ್ದರೆ ಬ್ರೌಸರಿನಲ್ಲಿ ಕಂಟ್ರೋಲ್ ಮತ್ತು ಜೆ ಒತ್ತಿ ಡೌನ್‌ಲೋಡ್ ಪಟ್ಟಿ ನೋಡಿ. ಮ್ಯಾಕ್‌ನಲ್ಲಿ ಫೈಲಿನ ‘ಗೆಟ್ ಇನ್ಫೋ’ದಲ್ಲಿ ಮೂಲ ವಿಳಾಸ ಇರುವುದುಂಟು.

ಪರವಾನಗಿಯ ಅಂಕಣ ಅಲಂಕಾರಕ್ಕಲ್ಲ. ಸಿಸಿ ಎಂದರೆ ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಗಳು. ಸಿಸಿ ಝೀರೋ ಎಂದಿದ್ದರೆ ಯಾವ ಷರತ್ತೂ ಇಲ್ಲ. ಸಿಸಿ ಬಿವೈ ಎಂದರೆ ಮಾಡಿದವರ ಹೆಸರು ಹೇಳಬೇಕು. ಎನ್‌ಸಿ ಎಂದಿದ್ದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ‘ಪರ್ಸನಲ್ ಯೂಸ್’ ಎಂದು ಬರೆದದ್ದೂ ಹೆಚ್ಚುಕಮ್ಮಿ ಅದನ್ನೇ ಹೇಳುತ್ತದೆ. ಹಣ ಪಡೆದು ಮಾಡುವ ಲಗ್ನಪತ್ರಿಕೆ, ಜಾತ್ರೆಯ ಬ್ಯಾನರು, ಅಂಗಡಿಯ ಬೋರ್ಡು ಎಲ್ಲವೂ ವ್ಯಾಪಾರವೇ. ಗೆರೆ ಎಳೆಯುವ ಬ್ರಷ್‌ಗಿಂತ ಸ್ಟ್ಯಾಂಪ್ ಬ್ರಷ್‌ಗಳಲ್ಲಿ ಇದನ್ನು ಗಟ್ಟಿಯಾಗಿ ನೋಡಬೇಕು. ಒಂದೇ ಒತ್ತಿಗೆ ಪೂರ್ತಿ ಹೂವು, ಹಕ್ಕಿ, ಗೋಪುರ ಮೂಡಿಸುವ ಬ್ರಷ್‌ನಲ್ಲಿ ಬೇರೆಯವರು ಬಿಡಿಸಿದ ಚಿತ್ರವೇ ನಿಮ್ಮ ಕೆಲಸದೊಳಗೆ ಇದ್ದ ಹಾಗೆ ಬಂದು ಕೂರುತ್ತದೆ. ಪರವಾನಗಿ ಸಿಗದ ಗಂಟುಗಳಿಗೆ ಕೆಂಪು ಬಣ್ಣ ಹಚ್ಚಿಡಿ, ಅಭ್ಯಾಸಕ್ಕೆ ಮಾತ್ರ.

6. ಪರೀಕ್ಷೆಯ ಹಾಳೆ

ಜರಡಿ ಹಿಡಿಯುವುದು ಇಲ್ಲಿ. 3000ಕ್ಕೆ 2000 ಪಿಕ್ಸೆಲ್‌ನ ಒಂದು ಕ್ಯಾನ್ವಾಸ್ ಮಾಡಿ. ಮೂರನೆಯ ಒಂದು ಭಾಗ ಬೂದು ಬಣ್ಣ, ಒಂದು ಮೂಲೆಯಲ್ಲಿ ಕೆಂಪು ಹಳದಿ ಪಕ್ಕಪಕ್ಕ, ಉಳಿದದ್ದು ಬಿಳಿ. ಪ್ರತಿ ಬ್ರಷ್‌ನಿಂದಲೂ ಇಷ್ಟು ಮಾಡಿ: ಹಗುರದಿಂದ ಗಟ್ಟಿಗೆ ಹೋಗುವ ಒಂದು ಗೆರೆ, ವೇಗವಾಗಿ ಅಂಕುಡೊಂಕು, ಒಂದೇ ಒಂದು ಚುಕ್ಕಿ, 10 ಪಿಕ್ಸೆಲ್‌ನಲ್ಲಿ ಒಮ್ಮೆ, 300ರಲ್ಲಿ ಒಮ್ಮೆ, ಕೊನೆಗೆ ಎರಡು ಬಣ್ಣದ ಗಡಿಯ ಮೇಲೆ ಒಂದು ಎಳೆತ. ಅರ್ಧ ನಿಮಿಷ.

ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಮಾಡುವ ಕೆಲಸವನ್ನು ಕೈಗಂಟಿನಲ್ಲಿರುವ ಇನ್ನೊಂದು ಬ್ರಷ್ ಮಾಡುವುದಿಲ್ಲವೇ? ಮಾಡುತ್ತದೆ ಎಂದರೆ ಇದು ಹಗೇವಿನಲ್ಲೇ ಇರಲಿ. ಗಂಟಿನ ಮುಖಚಿತ್ರ ಎಷ್ಟೇ ಚೆನ್ನಾಗಿರಲಿ, ಅದು ಆ ಕಲಾವಿದರ ಕೈಚಳಕ.

ಒತ್ತಡ ಕೆಲಸ ಮಾಡುತ್ತಿಲ್ಲವೆಂದು ಬ್ರಷ್ ಎಸೆಯುವ ಮೊದಲು ಆ್ಯಪ್‌ನ ಜೊತೆಗೇ ಬಂದ ಬ್ರಷ್‌ನಿಂದ ಅದೇ ಗೆರೆ ಎಳೆದು ನೋಡಿ. ಅದರಲ್ಲೂ ಗೆರೆ ದಪ್ಪ ತೆಳ್ಳಗೆ ಆಗದಿದ್ದರೆ ತಪ್ಪು ಸಾಮಾನ್ಯವಾಗಿ ಪೆನ್ ಟ್ಯಾಬ್ಲೆಟ್‌ನ ಡ್ರೈವರಿನದು, ಅಂದರೆ ಅದನ್ನು ಯಂತ್ರಕ್ಕೆ ಬೆಸೆಯುವ ತಂತ್ರಾಂಶದ್ದು. ಕ್ರಿತಾದಲ್ಲಿ ಕಾನ್ಫಿಗರ್ ಕ್ರಿತಾ → ಟ್ಯಾಬ್ಲೆಟ್ ಸೆಟ್ಟಿಂಗ್ಸ್‌ನಲ್ಲಿ ವಿನ್‌ಟ್ಯಾಬ್, ವಿಂಡೋಸ್ ಇಂಕ್ ಎಂಬ ಎರಡು ದಾರಿಗಳಿವೆ. ಒಂದರಲ್ಲಿ ಆಗದಿದ್ದರೆ ಇನ್ನೊಂದಕ್ಕೆ ಬದಲಾಯಿಸಿ ಆ್ಯಪ್ ಮುಚ್ಚಿ ತೆರೆಯಿರಿ.

ಬ್ರಷ್ ಕೈಗಿಂತ ಹಿಂದೆ ಬೀಳುತ್ತಿದ್ದರೆ ಮೊದಲು ‘ಸ್ಪೇಸಿಂಗ್’ ನೋಡಿ. ಡಿಜಿಟಲ್ ಗೆರೆ ಎಂದರೆ ಒಂದೇ ಅಚ್ಚನ್ನು ಒತ್ತೊತ್ತಾಗಿ ಊರುತ್ತಾ ಹೋಗುವುದು. ಎರಡು ಅಚ್ಚುಗಳ ನಡುವಿನ ಅಂತರವೇ ಸ್ಪೇಸಿಂಗ್, ಬ್ರಷ್‌ನ ಅಗಲದ ಶೇಕಡಾ ಲೆಕ್ಕದಲ್ಲಿ. 100 ಪಿಕ್ಸೆಲ್ ಬ್ರಷ್‌ಗೆ ಶೇ 2 ಎಂದರೆ ಪ್ರತಿ 2 ಪಿಕ್ಸೆಲ್‌ಗೊಂದು ಅಚ್ಚು. ಅದನ್ನು ಶೇ 10ಕ್ಕೆ ಏರಿಸಿದರೆ ಯಂತ್ರದ ಕೆಲಸ ಐದನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಮೃದು ಅಂಚಿನ ಬ್ರಷ್‌ಗಳಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುವುದೇ ಇಲ್ಲ. ಗಟ್ಟಿ ಅಂಚಿನ ಬ್ರಷ್‌ಗಳಲ್ಲಿ ಶೇ 15 ದಾಟಿದರೆ ಅಂಚು ಮಣಿಸರದ ಹಾಗೆ ಉಬ್ಬುತಗ್ಗಾಗತೊಡಗುತ್ತದೆ, ಅಲ್ಲಿಗೆ ನಿಲ್ಲಿಸಿ.

ಇನ್ನೊಂದು ಆ್ಯಪ್‌ನ ಬ್ರಷ್ ತಂದು ಹಾಕಿದಾಗ ‘ಅದೇ ಥರ ಬರುತ್ತಿಲ್ಲ’ ಎನ್ನುವವರಿಗೆ: ಬರುವುದಿಲ್ಲ. ಕ್ರಿತಾ, ಗಿಂಪ್ ಎರಡೂ ಎಬಿಆರ್ ಓದುತ್ತವೆ, ಆದರೆ ತೆಗೆದುಕೊಳ್ಳುವುದು ತುದಿಯ ಅಚ್ಚಿನ ಚಿತ್ರವನ್ನು ಮಾತ್ರ. ಒತ್ತಡಕ್ಕೆ ಹೇಗೆ ಬದಲಾಗಬೇಕು, ಎಷ್ಟು ಚೆಲ್ಲಬೇಕು, ಮೇಲೆ ಯಾವ ಮೇಲ್ಮೈ (ಟೆಕ್ಸ್ಚರ್) ಬೆರೆಯಬೇಕು ಎಂಬುದೆಲ್ಲ ಫೋಟೋಶಾಪ್‌ನಲ್ಲೇ ಉಳಿಯುತ್ತದೆ. ಪ್ರೊಕ್ರಿಯೇಟ್ ಮತ್ತು ಕ್ಲಿಪ್ ಸ್ಟುಡಿಯೋ ಇನ್ನೂ ಹೆಚ್ಚು ತೆಗೆದುಕೊಳ್ಳುತ್ತವೆ, ಪೂರ್ತಿಯಲ್ಲ. ನಿಮ್ಮ ಆ್ಯಪ್‌ಗೆಂದೇ ಮಾಡಿದ ಗಂಟು ಇದ್ದರೆ ಎಬಿಆರ್ ಹಿಂದೆ ಬೀಳಬೇಡಿ.

7. ಕೈಗಂಟು: ಕೆಲಸದ ಪ್ರಕಾರ ಆರು ಗುಂಪು

ಆ್ಯಪ್‌ನೊಳಗೆ ಮಾಡಿದವರ ಹೆಸರು ಮರೆತುಬಿಡಿ. ಕೈಯಲ್ಲಿ ಪೆನ್ ಹಿಡಿದಾಗ ತಲೆಯಲ್ಲಿರುವುದು ‘ಈಗ ಗೆರೆ ಹಾಕಬೇಕು’ ಎಂಬುದು, ‘ಈಗ ಇಂಥವರ ಮೂರನೆಯ ಆವೃತ್ತಿಯ ಗಂಟು ಬೇಕು’ ಎಂದಲ್ಲ. ಕರಡು, ರೇಖೆ, ಬಣ್ಣ, ಬೆರಕೆ, ಮೇಲ್ಮೈ, ಅಚ್ಚು: ಈ ಆರು ಗುಂಪುಗಳು ಹೆಚ್ಚಿನವರಿಗೆ ಸಾಲುತ್ತವೆ. ಬೆರಕೆ ಎಂದರೆ ಹೊಸ ಬಣ್ಣ ಹಚ್ಚದೆ, ಈಗಾಗಲೇ ಇರುವ ಬಣ್ಣಗಳನ್ನೇ ಕಲಸುವವು, ಮೇಲ್ಮೈ ಎಂದರೆ ಟೆಕ್ಸ್ಚರ್, ಅಚ್ಚು ಎಂದರೆ ಸ್ಟ್ಯಾಂಪ್. ಗುಂಪಿಗೆ ಹನ್ನೆರಡಕ್ಕಿಂತ ಹೆಚ್ಚು ಬೇಡ, ಪರದೆಯನ್ನು ಜರುಗಿಸದೆ ಒಂದೇ ನೋಟಕ್ಕೆ ಕಾಣಬೇಕು. ಕರಡಿಗಂತೂ ಮೂರು ಸಾಕು.

ಅಚ್ಚಿನ ಗುಂಪಿನಲ್ಲಿ ಕತ್ತರಿ ಧಾರಾಳವಾಗಿ ಆಡಲಿ. ಇಳಿಸಿಕೊಂಡ ‘ಫೋಲಿಯೇಜ್’ ಗಂಟುಗಳನ್ನು ತೆರೆದು ನೋಡಿ: ಮೇಪಲ್ ಎಲೆ, ಪೈನ್ ಮರ, ಹಿಮ ಹೊದ್ದ ಕೊಂಬೆ. ತಿಪಟೂರಿನ ತೆಂಗಿನ ತೋಟಕ್ಕಾಗಲಿ, ಶ್ರೀನಿವಾಸಪುರದ ಮಾವಿನ ತೋಪಿಗಾಗಲಿ, ಶಿಡ್ಲಘಟ್ಟದ ಹಿಪ್ಪುನೇರಳೆ ಹೊಲಕ್ಕಾಗಲಿ ಇವು ಒದಗುವುದಿಲ್ಲ. ಬಂಡೆಯ ಟೆಕ್ಸ್ಚರುಗಳೂ ಹಾಗೆಯೇ. ಪದರ ಪದರವಾಗಿ ಸೀಳಿದ, ಮೊನಚು ಅಂಚಿನ ಬೆಟ್ಟಗಳಿಗೆಂದು ಮಾಡಿದ ಬ್ರಷ್ ಮಧುಗಿರಿಯ ಏಕಶಿಲೆಗೆ, ಅಂತರಗಂಗೆಯ ಗುಂಡುಕಲ್ಲುಗಳಿಗೆ ಒಪ್ಪುವುದಿಲ್ಲ. ನಮ್ಮ ಗ್ರಾನೈಟ್ ಮೈ ದುಂಡಗೆ, ಸಣ್ಣ ಕಾಳುಕಾಳಾಗಿ, ಮಳೆನೀರು ಇಳಿದ ಕಪ್ಪು ಪಟ್ಟೆಗಳೊಂದಿಗೆ ಇರುತ್ತದೆ. ಸಣ್ಣ ಕಾಳಿನ ಒಂದು ಬ್ರಷ್, ಒಣ ಅಂಚಿನ ಚಪ್ಪಟೆ ಬ್ರಷ್ ಒಂದು ಇದ್ದರೆ ದೇವರಾಯನದುರ್ಗದಿಂದ ನಂದಿ ಬೆಟ್ಟದವರೆಗೆ ಎಲ್ಲವನ್ನೂ ಬಿಡಿಸಬಹುದು.

ಬೇಕಾದ ಎಲೆ ಸಿಗದಿದ್ದರೆ ಮಾಡಿಕೊಳ್ಳುವುದು ಹತ್ತು ನಿಮಿಷದ ಕೆಲಸ. ಎಲೆಯನ್ನು ಬಿಳಿ ಹಾಳೆಯ ಮೇಲಿಟ್ಟು ನೆರಳು ಬೀಳದ ಬೆಳಕಲ್ಲಿ ಫೋಟೋ ತೆಗೆಯಿರಿ, 1000 ಪಿಕ್ಸೆಲ್ ಚೌಕಕ್ಕೆ ಕತ್ತರಿಸಿ, ಕಪ್ಪುಬಿಳುಪು ಮಾಡಿ. ಬೆಳಕು ನೆರಳು ಹೊಂದಿಸುವ ಲೆವೆಲ್ಸ್‌ನಲ್ಲಿ ಹಿನ್ನೆಲೆಯನ್ನು ಶುದ್ಧ ಬಿಳಿಯಾಗಿಸಿ. ಹಾಳೆಯ ಬೂದು ಉಳಿದರೆ ಪ್ರತಿ ಒತ್ತಿಗೂ ಎಲೆಯ ಸುತ್ತ ಮಸುಕು ಚೌಕ ಮೂಡುತ್ತದೆ. ಫೋಟೋಶಾಪ್‌ನಲ್ಲಿ ಎಡಿಟ್ → ಡಿಫೈನ್ ಬ್ರಷ್ ಪ್ರಿಸೆಟ್. ಕಪ್ಪು ಇದ್ದಲ್ಲಿ ಬಣ್ಣ ಬೀಳುತ್ತದೆ, ಬಿಳಿ ಇದ್ದಲ್ಲಿ ಇಲ್ಲ. ಪರವಾನಗಿಯ ತಕರಾರೂ ಇಲ್ಲ.

8. ಆ್ಯಪ್‌ಗಳಲ್ಲಿ ಹಾಕುವ ಬಗೆ

*ಕ್ರಿತಾ.* ಐದನೆಯ ಆವೃತ್ತಿಯಿಂದ ಕ್ರಿತಾ ಬ್ರಷ್‌ಗಳ ಲೆಕ್ಕವನ್ನು ತನ್ನದೇ ಡೇಟಾಬೇಸಿನಲ್ಲಿ ಇಡುತ್ತದೆ. ಆದ್ದರಿಂದ ಫೈಲುಗಳನ್ನು ಅದರ ಫೋಲ್ಡರಿಗೆ ಕೈಯಿಂದ ಸುರಿಯುವ, ಅಲ್ಲಿಂದ ಕೈಯಿಂದ ಅಳಿಸುವ ಹಳೆಯ ಅಭ್ಯಾಸ ಬಿಡಿ. ಬಂಡಲ್‌ಗಳನ್ನು ಸೆಟ್ಟಿಂಗ್ಸ್ → ಮ್ಯಾನೇಜ್ ರಿಸೋರ್ಸ್ ಲೈಬ್ರರೀಸ್‌ನಿಂದ ಒಳತನ್ನಿ, ಬಿಡಿ ಬ್ರಷ್‌ಗಳನ್ನು ಮ್ಯಾನೇಜ್ ರಿಸೋರ್ಸಸ್‌ನಿಂದ. ಬೇಡವಾದ ಬಂಡಲ್ ಅನ್ನು ಅಲ್ಲೇ ನಿಷ್ಕ್ರಿಯ ಮಾಡಬಹುದು, ಬೇಕೆಂದಾಗ ಮತ್ತೆ ಚಾಲೂ. ಅಳಿಸಿದ ಬ್ರಷ್ ಕೂಡ ನಿಜವಾಗಿ ಹೋಗುವುದಿಲ್ಲ, ಮರೆಯಾಗುತ್ತದೆ ಅಷ್ಟೆ. ‘ಶೋ ಡಿಲೀಟೆಡ್ ರಿಸೋರ್ಸಸ್’ ಗುರುತು ಹಾಕಿದರೆ ಕಾಣುತ್ತದೆ.

ಗುಂಪು ಮಾಡುವುದು ಟ್ಯಾಗ್‌ಗಳಿಂದ. ಟ್ಯಾಗ್ ಎಂದರೆ ಬ್ರಷ್‌ಗೆ ಅಂಟಿಸುವ ಚೀಟಿ. ಒಂದೇ ಬ್ರಷ್‌ಗೆ ಎರಡು ಚೀಟಿ ಅಂಟಿಸಬಹುದು, ನಕಲು ಆಗುವುದಿಲ್ಲ. ಬ್ರಷ್ ಪ್ರಿಸೆಟ್ಸ್ ಡಾಕರಿನ (ಪರದೆಯ ಪಕ್ಕದ ಫಲಕದ) ಮೇಲ್ತುದಿಯಲ್ಲಿ ಹೊಸ ಟ್ಯಾಗ್ ಮಾಡಿ, ಬ್ರಷ್ ಮೇಲೆ ಬಲ ಕ್ಲಿಕ್ ಮಾಡಿ ಸೇರಿಸಿ. ಇಲ್ಲಿ ಕನ್ನಡದಲ್ಲೇ ‘ರೇಖೆ’, ‘ಬೆರಕೆ’ ಎಂದು ಬರೆಯಿರಿ. ಕ್ಯಾನ್ವಾಸ್ ಮೇಲೆ ಬಲ ಕ್ಲಿಕ್ ಮಾಡಿದಾಗ ಬರುವ ದುಂಡು ಪ್ಯಾಲೆಟ್‌ನಲ್ಲಿ ಆಯ್ದ ಟ್ಯಾಗ್‌ನ ಬ್ರಷ್‌ಗಳು ಬರುತ್ತವೆ. ಎಷ್ಟು ಕಾಣಬೇಕೆಂಬುದನ್ನು ಸೆಟ್ಟಿಂಗ್ಸ್‌ನಲ್ಲಿ ಹೆಚ್ಚಿಸಿಕೊಳ್ಳಬಹುದು. ಕ್ರಿತಾದ ಸ್ವಂತ ಬ್ರಷ್‌ಗಳ ಹೆಸರಿನ ಮುಂದೆ ಎ, ಬಿ, ಸಿ, ಡಿ ಅಕ್ಷರಗಳಿರುವುದನ್ನು ಗಮನಿಸಿ: ಎ ಇರೇಸರ್, ಬಿ ಸಾಮಾನ್ಯ, ಸಿ ಪೆನ್ಸಿಲ್, ಡಿ ಇಂಕ್. ನಿಮ್ಮ ಬ್ರಷ್‌ಗಳಿಗೂ ಅದೇ ಅಕ್ಷರ ಕೊಟ್ಟರೆ ಪಟ್ಟಿಯಲ್ಲಿ ತಂತಮ್ಮ ಜಾಗಕ್ಕೆ ಹೋಗಿ ಕೂರುತ್ತವೆ. ಟೂಲ್ಸ್ → ಸ್ಕ್ರಿಪ್ಟ್ಸ್‌ನಲ್ಲಿರುವ ‘ಟೆನ್ ಬ್ರಷಸ್’ನಿಂದ ಹತ್ತು ಬ್ರಷ್‌ಗಳನ್ನು ಕೀಬೋರ್ಡಿನ ಗುಂಡಿಗಳಿಗೆ ಕಟ್ಟಿಕೊಳ್ಳಬಹುದು.

ಸ್ನೇಹಿತರಿಗೆ ಕೊಡುವಾಗ ಒಂಟಿ ಕೆಪಿಪಿ ಫೈಲು ಕೊಡುವುದಕ್ಕಿಂತ ಬಂಡಲ್ ಕಟ್ಟಿ ಕೊಡುವುದು ಲೇಸು. ತುದಿಯ ಅಚ್ಚು, ಮೇಲ್ಮೈ ಚಿತ್ರ ಬೇರೆ ಫೈಲುಗಳಲ್ಲಿದ್ದರೆ ಅವು ಹಿಂದೆ ಉಳಿದು, ಅಲ್ಲಿ ಬರೀ ದುಂಡು ಗೆರೆ ಬರಬಹುದು.

*ಫೋಟೋಶಾಪ್.* ಸಿಸಿ 2018 ಮತ್ತು ನಂತರದ ಆವೃತ್ತಿಗಳಲ್ಲಿ ಬ್ರಷಸ್ ಪ್ಯಾನೆಲಿನಲ್ಲೇ ಫೋಲ್ಡರ್ ಮಾಡಿ ಎಳೆದು ಜೋಡಿಸಬಹುದು. ಒಂದೊಂದೇ ಎಬಿಆರ್ ಒಳತಂದು, ಪರೀಕ್ಷಿಸಿ, ಗೆದ್ದವನ್ನು ಆರು ಗುಂಪುಗಳಿಗೆ ಎಳೆದು, ಉಳಿದ ಗುಂಪನ್ನು ಅಳಿಸಿ, ಆಮೇಲೆ ಮುಂದಿನದು. ಎಬಿಆರ್ ಫೈಲನ್ನು ಡಬಲ್ ಕ್ಲಿಕ್ ಮಾಡಿದರೆ ಪ್ರತಿ ಸಲವೂ ಹೊಸ ಗುಂಪಾಗಿ ಒಳಬರುತ್ತದೆ, ‘ಇದು ಆಗಲೇ ಇದೆ’ ಎಂದು ಫೋಟೋಶಾಪ್ ಹೇಳುವುದಿಲ್ಲ. ಒಂದೇ ಗುಂಪು ನಾಲ್ಕು ಸಲ ಕಾಣುವುದು ಇದರಿಂದ. ಇನ್ನೊಂದು: ಬ್ರಷ್ ಪಟ್ಟಿಯಲ್ಲಿ ಮಾಡಿದ ಬದಲಾವಣೆ ಫೋಟೋಶಾಪನ್ನು ಸರಿಯಾಗಿ ಮುಚ್ಚಿದಾಗ ಡಿಸ್ಕಿಗೆ ಸೇರುತ್ತದೆ. ಎರಡು ಗಂಟೆ ಜೋಡಿಸಿ ಮುಚ್ಚದೆ ಬಿಟ್ಟು ಕರೆಂಟು ಹೋದರೆ ಎಲ್ಲ ಮೊದಲಿನಂತೆ. ಅರ್ಧ ಗಂಟೆಗೊಮ್ಮೆ ಮುಚ್ಚಿ ತೆರೆಯಿರಿ, ಆರು ಗುಂಪುಗಳನ್ನು ಆಗಾಗ ಎಕ್ಸ್‌ಪೋರ್ಟ್ ಮಾಡಿ. ಗುಂಪಿನ ಹೆಸರು ಕನ್ನಡದಲ್ಲಿ ಸರಿಯಾಗಿ ಕಾಣುತ್ತದೆಯೇ ಎಂದು ಒಂದರಲ್ಲಿ ನೋಡಿಕೊಂಡು ಮುಂದುವರಿಯಿರಿ.

*ಪ್ರೊಕ್ರಿಯೇಟ್.* ಹೊಸ ಸೆಟ್ ಮಾಡಿ. ಒಂದು ಬ್ರಷ್ ಒತ್ತಿ ಹಿಡಿದು, ಇನ್ನೊಂದು ಬೆರಳಿಂದ ಉಳಿದವನ್ನು ಮುಟ್ಟಿದರೆ ಎಲ್ಲವೂ ಒಟ್ಟಿಗೆ ಎದ್ದು ಬರುತ್ತವೆ, ಒಂದೇ ಸಲ ಸಾಗಿಸಬಹುದು. ಆ್ಯಪ್ ಅಳಿಸಿದರೆ ಬ್ರಷ್‌ಗಳೂ ಹೋಗುತ್ತವೆ. ಐಪ್ಯಾಡ್‌ನಲ್ಲಿ ಜಾಗ ಸಾಲದೆಂದು ಆ್ಯಪ್ ತೆಗೆದು ಮತ್ತೆ ಹಾಕುವವರು ಮೊದಲು ಸೆಟ್‌ಗಳನ್ನು ಹೊರತೆಗೆಯಬೇಕು.

*ಕ್ಲಿಪ್ ಸ್ಟುಡಿಯೋ.* ಅದರ ಅಸೆಟ್ಸ್ ಎಂಬ ಜಾಲತಾಣದಿಂದ ಇಳಿಸಿದ್ದು ಮೆಟೀರಿಯಲ್ ಪ್ಯಾಲೆಟ್‌ನ ಡೌನ್‌ಲೋಡ್ ವಿಭಾಗದಲ್ಲೇ ಇರುತ್ತದೆ. ಅದೇ ನಿಮ್ಮ ಹಗೇವು. ಅಲ್ಲಿಂದ ಸಬ್ ಟೂಲ್ ಪ್ಯಾಲೆಟ್‌ಗೆ ಎಳೆದದ್ದು ಮಾತ್ರ ಕೈಗಂಟು. ಮೆಚ್ಚಿನವನ್ನು ಕ್ವಿಕ್ ಆ್ಯಕ್ಸೆಸ್‌ಗೆ ಹಾಕಿ.

*ಗಿಂಪ್.* ತೆರೆಯುವಾಗಲೆಲ್ಲ ಬ್ರಷ್ ಫೋಲ್ಡರುಗಳನ್ನು ಪೂರ್ತಿ ಓದುತ್ತದೆ, ನಿಧಾನಕ್ಕೆ ಕಾರಣ ಅದೇ. ಪ್ರಿಫರೆನ್ಸಸ್ → ಫೋಲ್ಡರ್ಸ್ → ಬ್ರಷಸ್‌ನಲ್ಲಿ ಕೈಗಂಟಿನ ಫೋಲ್ಡರ್ ಒಂದನ್ನೇ ತೋರಿಸಿ, ಹಗೇವನ್ನು ತೋರಿಸಲೇಬೇಡಿ.

*ಐಬಿಸ್ ಪೇಂಟ್.* ಫೋನಿನಲ್ಲಿ ಬಿಡಿಸುವವರ ಬ್ರಷ್‌ಗಳು ಕ್ಯುಆರ್ ಕೋಡ್ ಚಿತ್ರಗಳಾಗಿ ಓಡಾಡುತ್ತವೆ. ಆ ಚಿತ್ರಗಳಿಗೆ ಗ್ಯಾಲರಿಯಲ್ಲಿ ಬೇರೆ ಆಲ್ಬಮ್ ಮಾಡಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಚಿತ್ರ ಕುಗ್ಗಿ ಕೋಡ್ ಓದಲಾಗದೆ ಹೋಗಬಹುದು. ಡಾಕ್ಯುಮೆಂಟ್ ಆಗಿ ಕಳಿಸಿ.

9. ಬ್ಯಾಕಪ್ ಮತ್ತು ಹೊಸದಾಗಿ ಬರುವವು

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯ ಹೊರಗೆ. ಕೈಗಂಟು ಕೆಲವು ನೂರು ಎಂಬಿ ದಾಟುವುದು ಕಡಿಮೆ. ಗೂಗಲ್ ಡ್ರೈವ್‌ನ ಉಚಿತ 15 ಜಿಬಿಯಲ್ಲಿ ಅದು, ಲೆಕ್ಕದ ಹಾಳೆ, ಪರವಾನಗಿ ಫೈಲುಗಳು ಆರಾಮಾಗಿ ಹಿಡಿಯುತ್ತವೆ. ಹಗೇವು ದೊಡ್ಡದಾಗಿದ್ದರೆ ಮೊಬೈಲ್ ಡೇಟಾದಲ್ಲಿ ಏರಿಸಲು ಹೋಗಬೇಡಿ, ಹಾರ್ಡ್‌ಡಿಸ್ಕಿನಲ್ಲಿ ನಕಲಿಸಿ ನೆಂಟರ ಮನೆಯಲ್ಲಿಡಿ. ಜಿಪ್ ಮಾಡಿಟ್ಟದ್ದಾದರೆ ಸೆವೆನ್-ಜಿಪ್‌ನ ‘ಟೆಸ್ಟ್ ಆರ್ಕೈವ್’ ಒಮ್ಮೆ ಓಡಿಸಿ. ಅರ್ಧಂಬರ್ಧ ನಕಲಾಗಿದ್ದರೆ ಆಗಲೇ ಗೊತ್ತಾಗುತ್ತದೆ.

ಇನ್ನು ಮುಂದೆ ಇಳಿಸುವುದೆಲ್ಲ ‘ಒಳಬಂದದ್ದು’ ಎಂಬ (ಹೆಸರು ಇಂಗ್ಲಿಷ್ ಅಕ್ಷರಗಳಲ್ಲೇ) ಒಂದೇ ಫೋಲ್ಡರಿಗೆ ಬೀಳಲಿ, ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಹಾಗೆ ಹೇಳಿಡಿ. ತಿಂಗಳಿಗೊಮ್ಮೆ ಅದನ್ನು ತೆರೆದು ಲೆಕ್ಕದ ಹಾಳೆಯಲ್ಲಿ ಬರೆದು ಹಗೇವಿಗೆ ಸಾಗಿಸಿ. ಕೈಗಂಟಿನ ಗುಂಪು ಹನ್ನೆರಡು ತುಂಬಿದ್ದರೆ ಒಂದು ಹೊರಗೆ ಹೋದ ಮೇಲೆಯೇ ಇನ್ನೊಂದು ಒಳಗೆ. ಯಾವುದನ್ನು ತೆಗೆಯಬೇಕೆಂದು ತೋಚದಿದ್ದರೆ, ಕಳೆದ ಮೂರು ಕೆಲಸಗಳಲ್ಲಿ ಒಮ್ಮೆಯೂ ಮುಟ್ಟದ್ದನ್ನು ತೆಗೆಯಿರಿ.

ಯಂತ್ರ ಬದಲಾಯಿಸುವಾಗ ಮೊದಲು ಪೆನ್ ಡ್ರೈವರ್, ಆಮೇಲೆ ಆ್ಯಪ್, ಆಮೇಲೆ ಕೈಗಂಟು. ಹಳೆಯ ಯಂತ್ರ ಅಳಿಸುವ ಮುನ್ನ ಹೊಸದರಲ್ಲಿ ಪ್ರತಿ ಬ್ರಷ್‌ನಿಂದ ಒಂದೊಂದು ಗೆರೆ ಎಳೆದು ಹಳೆಯ ಪರೀಕ್ಷೆಯ ಹಾಳೆಯ ಪಕ್ಕದಲ್ಲಿಟ್ಟು ನೋಡಿ. ತುದಿಯ ಅಚ್ಚು ಅಥವಾ ಮೇಲ್ಮೈ ಚಿತ್ರ ಹಿಂದೆ ಉಳಿದ ಬ್ರಷ್ ಹೆಸರು, ಚಿತ್ರ ಎರಡರಲ್ಲೂ ಸರಿಯಾಗಿಯೇ ಕಾಣುತ್ತದೆ, ಗೆರೆ ಎಳೆದಾಗಲೇ ಸಿಕ್ಕಿಬೀಳುವುದು. ಹಾಗೆ ಸಿಕ್ಕಿದರೆ ಆ ಬ್ರಷ್‌ನ ಮೂಲ ಗಂಟನ್ನು ಹಗೇವಿನಿಂದ ತೆಗೆದು ಮತ್ತೆ ಒಳತನ್ನಿ.